ಹುಳ ಮನೆಯ ಹೀಟರ್ ಯಾಕೆ ಕಾಯಲಿಲ್ಲ: ವೋಲ್ಟ್, ಆಂಪ್ಸ್ ಹಿಡಿದು ಓಮ್, ವ್ಯಾಟ್ ಲೆಕ್ಕ

ಡಿಸೆಂಬರ್‌ನಲ್ಲಿ ನಮ್ಮ ಮುಳಬಾಗಿಲು ಕಡೆ ಚಳಿ ಹೇಗಿರುತ್ತೆ ಅಂತ ರೇಷ್ಮೆ ಸಾಕುವವರನ್ನು ಕೇಳಬೇಕು. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಕಳಚಿದ ಹುಳ ತಂದು ಬಿಟ್ಟಿದ್ದೆ. ಹುಳ ಮನೆ 26 ಡಿಗ್ರಿ ಇದ್ದರೆ ಚೆನ್ನ. ಥರ್ಮಾಮೀಟರ್ 22 ಬಿಟ್ಟು ಮೇಲೇಳಲಿಲ್ಲ. 2000 ವ್ಯಾಟಿನ ಹೊಸ ಹೀಟರ್ ರಾತ್ರಿಯಿಡೀ ಉರಿಯುತ್ತಲೇ ಇತ್ತು. ಹೀಟರೇ ಡೂಪ್ಲಿಕೇಟ್ ಅಂತ ಅಂಗಡಿಯವನಿಗೆ ಫೋನಿನಲ್ಲೇ ಬೈದೆ. ಆಮೇಲೆ ಲೆಕ್ಕ ಹಾಕಿದರೆ ತಪ್ಪು ನನ್ನದೇ!

ಬೇಕಾಗಿದ್ದು ಒಂದು ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಇಕ್ಕಳದ ಹಾಗೆ ಹಿಡಿದು ಕರೆಂಟ್ ಅಳೆಯುವ ಮೀಟರ್), ಒಂದು ಪೆನ್ನು. ಲೆಕ್ಕ ಎರಡೇ. ವೋಲ್ಟನ್ನು ಆಂಪ್ಸ್‌ನಿಂದ ಭಾಗಿಸಿದರೆ ಓಮ್, ಅಂದರೆ ರೆಸಿಸ್ಟೆನ್ಸ್. ವೋಲ್ಟನ್ನು ಆಂಪ್ಸ್‌ನಿಂದ ಗುಣಿಸಿದರೆ ವ್ಯಾಟ್, ಅಂದರೆ ಪವರ್.

ಮೊದಲು ಹೀಟರ್ ಮೇಲಿನ ಚೀಟಿ ನೋಡಿ. ನನ್ನದರಲ್ಲಿ 230 ವೋಲ್ಟ್, 2000 ವ್ಯಾಟ್ ಅಂತ ಇತ್ತು. ಆಂಪ್ಸ್ ಬರೆದಿರಲಿಲ್ಲ, ಆದರೆ ಮೇಲಿನ ಎರಡೂ ಲೆಕ್ಕ ಸೇರಿಸಿದರೆ ಅದಿಲ್ಲದೆಯೂ ಓಮ್ ಸಿಗುತ್ತೆ: 230ನ್ನು 230ರಿಂದ ಗುಣಿಸಿ 2000ದಿಂದ ಭಾಗಿಸಿದರೆ 26.45 ಓಮ್. ಹೀಟರ್ ಸರಿಯಿದ್ದರೆ ಅದರ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಇಷ್ಟೇ ಇರಬೇಕು.

ಆಮೇಲೆ ಅಳತೆ. ಕ್ಲ್ಯಾಂಪ್ ಒಳಗೆ ಒಂದೇ ವೈರ್ ಇರಬೇಕು, ಫೇಸ್ ಆದರೂ ಸರಿ, ನ್ಯೂಟ್ರಲ್ ಆದರೂ ಸರಿ. ಎರಡೂ ಸೇರಿಸಿ ಹಿಡಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಹೊಡೆದುಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ಕರೆಂಟ್ ಇರುವ ವೈರ್ ಮುಟ್ಟಿ ಅಭ್ಯಾಸ ಇಲ್ಲದಿದ್ದರೆ ವೈರ್‌ಮನ್ ಕರೆಯಿರಿ. ಅಳತೆ ಅವರು ಮಾಡಲಿ, ಲೆಕ್ಕ ನೀವು ಮಾಡಿ.

ನಾನು ಎಡವಿದ್ದು ವೋಲ್ಟ್ ಅಳೆಯುವಾಗ. ಹೀಟರ್ ಆಫ್ ಮಾಡಿ ಹುಳ ಮನೆಯ ಪ್ಲಗ್ ಪಾಯಿಂಟ್ ನೋಡಿದೆ. 210 ವೋಲ್ಟ್. ಮನೆಯ ಮೀಟರ್ ಬೋರ್ಡಿನಲ್ಲೂ 210. ವೈರ್‌ನಲ್ಲಿ ಏನೂ ತೊಂದರೆಯಿಲ್ಲ ಅಂದುಕೊಂಡೆ. ಆದರೆ ಕರೆಂಟ್ ಹರಿಯದೇ ಇದ್ದರೆ ವೈರ್‌ನಲ್ಲಿ ವೋಲ್ಟ್ ಯಾಕೆ ಇಳಿಯುತ್ತೆ ಹೇಳಿ? ಪೈಪಿನ ತುದಿಯ ನಲ್ಲಿ ಮುಚ್ಚಿಟ್ಟು ಪ್ರೆಶರ್ ನೋಡಿದ ಹಾಗೆ ಅದು. ಹೀಟರ್ ಉರಿಯುತ್ತಿರುವಾಗಲೇ ಅಳೆಯಬೇಕು. ಹಾಗೆ ಅಳೆದಾಗ ಬೋರ್ಡಿನಲ್ಲಿ 210, ಹೀಟರ್ ಹತ್ತಿರ 190, ಕರೆಂಟ್ 7.2 ಆಂಪ್ಸ್.

190 ಭಾಗಿಸು 7.2, ಅಂದರೆ 26.4 ಓಮ್. ಚೀಟಿಯ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಹೀಟರ್ ಅಪ್ಪಟ. ಈಗ 190 ಗುಣಿಸು 7.2, ಅಂದರೆ 1368 ವ್ಯಾಟ್. 2000 ಎಲ್ಲಿ, 1368 ಎಲ್ಲಿ! ವೋಲ್ಟ್ ಕಡಿಮೆಯಾದರೆ ಕರೆಂಟೂ ಅದರ ಜೊತೆಗೇ ಕಡಿಮೆಯಾಗುತ್ತೆ. ಅದಕ್ಕೇ ಪವರ್‌ಗೆ ಎರಡು ಕಡೆಯಿಂದ ಹೊಡೆತ.

ಹಾಗಾದರೆ 20 ವೋಲ್ಟ್ ದಾರಿಯಲ್ಲಿ ತಿಂದಿದ್ದು ಯಾರು? 20 ಭಾಗಿಸು 7.2, ಅಂದರೆ ಸುಮಾರು 2.78 ಓಮ್. ಮನೆಯಿಂದ ಹುಳ ಮನೆಗೆ 80 ಮೀಟರ್. ಎಳೆದಿದ್ದು ತಾಮ್ರದ ವೈರ್, ಅಂಗಡಿಯವರು ಒಂದೂವರೆ ಎಂಎಂ ಅನ್ನೋದು (ಅಂದರೆ ಒಂದೂವರೆ ಚದರ ಮಿಲಿಮೀಟರ್ ದಪ್ಪ). ಇದಕ್ಕೆ ಕಿಲೋಮೀಟರಿಗೆ ಸುಮಾರು 12.1 ಓಮ್. ಹೋಗಿ ಬರುವ ದಾರಿ 160 ಮೀಟರ್ ಅಂತ ಲೆಕ್ಕ ಹಿಡಿಯಬೇಕು, ಇದನ್ನು ಬಹಳ ಜನ ಮರೀತಾರೆ. ಅಂದರೆ 1.94 ಓಮ್ ವೈರ್‌ನದು. ಉಳಿದ 0.84 ಎಲ್ಲಿಂದ ಬಂತು?

ಹುಣಸೆ ಮರದ ಹತ್ತಿರ ವೈರ್ ಸಾಲದೆ ನಾನೇ ತಿರುಚಿ ಟೇಪ್ ಸುತ್ತಿದ್ದ ಜಾಯಿಂಟ್ ನೆನಪಾಯಿತು. ಆಂಪ್ಸನ್ನು ಆಂಪ್ಸ್‌ನಿಂದಲೇ ಗುಣಿಸಿ, ಮತ್ತೆ ಓಮ್‌ನಿಂದ ಗುಣಿಸಿದರೂ ಬರೋದು ವ್ಯಾಟೇ: 7.2 ಗುಣಿಸು 7.2 ಗುಣಿಸು 0.84 ಅಂದರೆ ಸುಮಾರು 44 ವ್ಯಾಟ್. ಅಷ್ಟೂ ಬಿಸಿ ಆ ಒಂದು ಗಂಟಿನಲ್ಲಿ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು ಅಂದರೆ ಲೆಕ್ಕ ಹಾಕಿ. ಮೈನ್ ಆಫ್ ಮಾಡಿ ಹೋಗಿ ಮುಟ್ಟಿದರೆ ಟೇಪ್ ಬೆಲ್ಲದ ಪಾಕದ ಹಾಗೆ ಕೈಗೆ ಅಂಟಿತು. ಕೆಳಗೇ ಒಣಗಿದ ಹಿಪ್ಪುನೇರಳೆ ಕಡ್ಡಿಯ ರಾಶಿ. ಆಗ ನಿಜವಾಗಿ ಭಯವಾಯಿತು.

ಕನೆಕ್ಟರ್ ಹಾಕಿ ಬಿಗಿ ಮಾಡಿದ ಮೇಲೆ 196 ವೋಲ್ಟ್, 7.4 ಆಂಪ್ಸ್, 1450 ವ್ಯಾಟ್ ಬಂತು. ಥರ್ಮಾಮೀಟರ್ ನಿಧಾನವಾಗಿ ಏರಿತು. ವೈರನ್ನು 4 ಎಂಎಂ ಮಾಡಿದರೆ ರೆಸಿಸ್ಟೆನ್ಸ್ 0.74 ಓಮಿಗೆ ಇಳಿದು ಹೀಟರ್‌ಗೆ 1575 ವ್ಯಾಟಿನ ಆಸುಪಾಸು ಸಿಗುತ್ತೆ. ಬೋರ್ಡಿಗೇ 210 ಮಾತ್ರ ಬರುತ್ತಿರುವಾಗ 2000 ಸಿಗೋದಿಲ್ಲ.

ವೈರ್ ತಿನ್ನುವ ಪವರ್ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಅದೇ ಇಲ್ಲಿಯ ಮರ್ಮ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೆಜಿಎಫ್ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದವರು ಕರೆಂಟನ್ನು ಹತ್ತಾರು ಸಾವಿರ ವೋಲ್ಟಿನಲ್ಲಿ ಕಳಿಸಿದ್ದು ಅದಕ್ಕೇ. ವೋಲ್ಟ್ ಹತ್ತು ಪಟ್ಟಾದರೆ ಅದೇ ಪವರ್‌ಗೆ ಕರೆಂಟು ಹತ್ತರಲ್ಲೊಂದು, ವೈರ್‌ನಲ್ಲಿ ಹೋಗುವ ನಷ್ಟ ನೂರರಲ್ಲೊಂದು.

ಈ ಲೆಕ್ಕವನ್ನು ಹೀಟರ್, ಗೀಸರ್, ಇಸ್ತ್ರಿ ಪೆಟ್ಟಿಗೆಗೆ ಕಣ್ಣುಮುಚ್ಚಿ ಬಳಸಬಹುದು. ಮೋಟರ್‌ಗೆ ಬೇಡ. ಅಲ್ಲಿ ವೋಲ್ಟ್, ಆಂಪ್ಸ್ ಗುಣಿಸಿದ್ದನ್ನು ಪವರ್ ಫ್ಯಾಕ್ಟರ್‌ನಿಂದಲೂ (ಅದರಲ್ಲಿ ನಿಜವಾಗಿ ಪವರ್ ಆಗುವ ಪಾಲು) ಗುಣಿಸಬೇಕು, ತ್ರೀ ಫೇಸ್ ಬೋರ್‌ವೆಲ್ ಮೋಟರ್ ಆದರೆ 1.73ರಿಂದಲೂ ಗುಣಿಸಬೇಕು. ಹಳೇ ಬುರುಡೆ ಬಲ್ಬೂ ಮೋಸ ಮಾಡುತ್ತೆ. ಉರಿಯುವಾಗ 60 ವ್ಯಾಟಿನದಕ್ಕೆ ಸುಮಾರು 880 ಓಮ್ ಇದ್ದರೆ, ಬಿಚ್ಚಿ ತಣ್ಣಗಿರುವಾಗ ಮೀಟರ್ ಇಟ್ಟರೆ ಹತ್ತರಲ್ಲೊಂದು ಭಾಗವೂ ಇರೋದಿಲ್ಲ.

ಅಂಗಡಿಯವನಿಗೆ ಮತ್ತೆ ಫೋನ್ ಮಾಡಿ ತಪ್ಪಾಯ್ತು ಅಂದೆ. 4 ಎಂಎಂ ವೈರ್ ರೇಟು ಕೇಳಿದೆ. ಕೇಳಿ ಸುಮ್ನಾದೆ. ಈ ಬೆಳೆಯ ಗೂಡು ಮಾರಿದ ಮೇಲೆ ನೋಡೋಣ. ಅಲ್ಲಿವರೆಗೆ ರಾತ್ರಿ ಹೊತ್ತು ಉತ್ತರದ ಕಿಟಕಿಗೆ ಗೋಣಿಚೀಲ.