ನೀರು ಹಾಕಿದಷ್ಟೂ ಬಾಡಿದ ಬದನೆ ಗಿಡಗಳು

ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಕಳೆದ ಜನವರಿಯಲ್ಲಿ ಒಂಬತ್ತು ಬದನೆ ಸಸಿಗಳನ್ನು ನೆಟ್ಟಿದ್ದೆ. ಐದು ಹಳೆಯ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ, ನಾಲ್ಕು ಮಣ್ಣಿನ ಕುಂಡಗಳಲ್ಲಿ. ಮಣ್ಣು ಹೊಲದಿಂದ ತಂದ ಎರೆ ಮಣ್ಣು, ಅದಕ್ಕೆ ಒಂದಿಷ್ಟು ಕೊಟ್ಟಿಗೆ ಗೊಬ್ಬರ. ಫೆಬ್ರುವರಿ ಮುಗಿಯುವವರೆಗೂ ಅಗಲವಾಗಿ ಹರಡಿ ನಿಂತಿದ್ದ ಎಲೆಗಳು ಮಾರ್ಚ್ ಎರಡನೆಯ ವಾರದ ಒಂದು ಮಧ್ಯಾಹ್ನ, ಹಿಂಡದೆ ಒಣಹಾಕಿದ ಬಟ್ಟೆಯಂತೆ ತೊಟ್ಟಿನಿಂದ ಜೋತುಬಿದ್ದಿದ್ದವು. "ಗಿಡ ಒಣಗ್ಲತ್ತಾವ, ಇನ್ನೊಂದು ಚರಗಿ ನೀರು ಹಾಕ್ರಿ" ಎಂದು ಮನೆಯವರು ಹೇಳಿದರು. ನನಗೂ ಹಾಗೆಯೇ ತೋರಿತು. ಒಂದು ವಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಪ್ಪದೆ ನೀರು ಹಾಕಿದೆ. ವಾರದ ಕೊನೆಗೆ ಕೆಲವು ಗಿಡಗಳು ಹಾಗೆಯೇ ಇದ್ದವು, ಕೆಲವು ಮೊದಲಿಗಿಂತ ಹೆಚ್ಚು ಬಾಡಿದ್ದವು.

ಒಂಬತ್ತು ಗಿಡಗಳಿಗೂ ಒಂದೇ ಕಾಯಿಲೆಯೆಂದು ನಂಬಿದ್ದು ನನ್ನ ತಪ್ಪು. ಎಲೆ ನೆಟ್ಟಗೆ ನಿಲ್ಲುವುದು ಅದರ ಜೀವಕೋಶಗಳೊಳಗೆ ತುಂಬಿದ ನೀರಿನ ಒತ್ತಡದಿಂದ. ಆ ನೀರು ಯಾವ ಕಾರಣಕ್ಕೆ ಕಡಿಮೆಯಾದರೂ ಎಲೆ ಒಂದೇ ರೀತಿಯಲ್ಲಿ ಬಾಗುತ್ತದೆ. ಆದ್ದರಿಂದ ಎಲೆಯನ್ನು ಎಷ್ಟು ಹೊತ್ತು ನೋಡಿದರೂ ಕಾರಣ ತಿಳಿಯುವುದಿಲ್ಲ. ಎರಡು ದಿನ ನೀರು ನಿಲ್ಲಿಸಿ, ಮಧ್ಯಾಹ್ನ ಮೂರು ಗಂಟೆಗೂ ಮರುದಿನ ಬೆಳಿಗ್ಗೆ ಆರು ಗಂಟೆಗೂ ಮಾಳಿಗೆ ಹತ್ತಿ, ಯಾವ ಗಿಡ ಹೇಗಿದೆಯೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ.

ಮೂರು ಗಿಡಗಳು ಮಧ್ಯಾಹ್ನ ಜೋತುಬಿದ್ದು ಬೆಳಿಗ್ಗೆ ಏನೂ ಆಗದವರಂತೆ ನಿಂತಿದ್ದವು. ಇವುಗಳಿಗೆ ರೋಗವಿರಲಿಲ್ಲ. ನಮ್ಮ ಮಾಳಿಗೆಗೆ ಹಾಸಿರುವುದು ಶಹಾಬಾದ್ ಕಲ್ಲು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಲಾಗದು. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಲ್ಲಿನ ಕಾವು, ಹೀಗಿರುವಾಗ ಅಗಲ ಎಲೆಯ ಬದನೆ ಬೇರು ಒದಗಿಸುವುದಕ್ಕಿಂತ ವೇಗವಾಗಿ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತದೆ, ರಾತ್ರಿ ಅದನ್ನು ತುಂಬಿಕೊಳ್ಳುತ್ತದೆ. ತೊಗರಿ ಕಟ್ಟಿಗೆಯ ಚಪ್ಪರ ಕಟ್ಟಿ, ಮೇಲೆ ಹಳೆಯ ಸೀರೆ ಹರಡಿ, ಬುಡಕ್ಕೆ ಜೋಳದ ಕಣಿಕೆಯ ತುಂಡುಗಳನ್ನು ಹೊದಿಸಿದ ಮೇಲೆ ಬಾಗುವುದು ಅರ್ಧಕ್ಕಿಳಿಯಿತು.

ಉಳಿದ ಆರು ಗಿಡಗಳು ಬೆಳಿಗ್ಗೆಯೂ ಬಾಡಿದ್ದವು. ಇವುಗಳನ್ನು ಬೇರ್ಪಡಿಸಲು ಉಪಯೋಗಕ್ಕೆ ಬಂದದ್ದು ಒಂದು ಒಣ ತೊಗರಿ ಕಡ್ಡಿ. ಅದನ್ನು ಕುಂಡದ ತಳ ಮುಟ್ಟುವವರೆಗೆ ಚುಚ್ಚಿ ಹೊರತೆಗೆದರೆ ಒಳಗಿನ ತೇವ ಗೊತ್ತಾಗುತ್ತದೆ. ಮೇಲ್ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡುವುದು ಎರೆ ಮಣ್ಣಿನಲ್ಲಿ ಮೋಸ. ಎರಡು ಬಕೆಟ್‌ಗಳಲ್ಲಿ ಕಡ್ಡಿಯ ತುದಿಗೆ ಅಂಟು ಕೆಸರು ಹತ್ತಿಕೊಂಡು ಬಂತು, ಮೂಗಿನ ಹತ್ತಿರ ತಂದಾಗ ಗಟಾರದ ವಾಸನೆ. ಬಕೆಟ್‌ಗೆ ನಾನೇ ತೂತು ಕೊರೆದಿದ್ದೆ, ಆದರೆ ಚಪ್ಪಟೆ ತಳ ಚಪ್ಪಟೆ ಕಲ್ಲಿಗೆ ಒತ್ತಿ ಕುಳಿತು ತೂತುಗಳು ಮುಚ್ಚಿದ್ದವು. ನೀರು ನಿಂತ ಮಣ್ಣಿನಲ್ಲಿ ಗಾಳಿಯಿರುವುದಿಲ್ಲ, ಗಾಳಿಯಿಲ್ಲದ ಬೇರು ನೀರಿನಲ್ಲಿ ಮುಳುಗಿದ್ದರೂ ಅದನ್ನು ಹೀರಲಾರದು. ಬಕೆಟ್ ಮಗುಚಿ ನೋಡಿದಾಗ ಕಂದು ಬೇರುಗಳ ಸಿಪ್ಪೆ ಎರಡು ಬೆರಳಿನ ನಡುವೆ ಜಾರಿ, ಒಳಗಿನ ದಾರದಂತಹ ನಾರು ಮಾತ್ರ ಉಳಿಯಿತು. ಕೊಳೆತದ್ದನ್ನು ಕತ್ತರಿಸಿ, ಮೇಲಿನ ಎಲೆಗಳಲ್ಲಿ ಮೂರನೆಯ ಒಂದು ಭಾಗ ತೆಗೆದು, ಬೀದರ ಕಡೆಯ ಕೆಂಪು ಮಣ್ಣು, ಮರಳು ಮತ್ತು ಗೊಬ್ಬರ ಸಮಪಾಲು ಬೆರೆಸಿ ಮರುನಾಟಿ ಮಾಡಿದೆ. ಒಂದು ಬದುಕಿತು, ಇನ್ನೊಂದು ಹದಿನೈದು ದಿನ ತಡೆದು ಸತ್ತಿತು. ಈಗ ಪ್ರತಿ ಬಕೆಟ್‌ನ ಕೆಳಗೂ ಎರಡು ಕಲ್ಲಿನ ತುಂಡುಗಳಿವೆ.

ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಎರಡು ಮಣ್ಣಿನ ಕುಂಡಗಳು. ಅದೇ ಒಂದು ವಾರ, ಅದೇ ಎರಡು ಹೊತ್ತು ನೀರು ಕುಡಿದ ಕುಂಡಗಳಲ್ಲಿ ಕಡ್ಡಿ ನಾಲ್ಕು ಬೆರಳಿನ ಆಳಕ್ಕೂ ಇಳಿಯಲಿಲ್ಲ. ಒಳಗೆ ಇಟ್ಟಿಗೆಯಷ್ಟು ಗಟ್ಟಿ. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆಯೆಂಬುದು ಬೇಸಿಗೆಯಲ್ಲಿ ಇಲ್ಲಿನ ಹೊಲಗಳನ್ನು ನೋಡಿದ ಯಾರಿಗೂ ಹೊಸದಲ್ಲ. ಆದರೆ ಕುಂಡದೊಳಗೂ ಅದೇ ನಡೆದು, ಮಣ್ಣಿನ ಮುದ್ದೆ ಗೋಡೆಯನ್ನು ಬಿಟ್ಟು ಒಳಕ್ಕೆ ಸರಿದು, ಸುತ್ತಲೂ ಕಿರುಬೆರಳು ಹೋಗುವಷ್ಟು ಸಂದಿ ಬಿದ್ದಿತ್ತು. ಹಾಕಿದ ನೀರೆಲ್ಲ ಆ ಸಂದಿಯಿಂದಿಳಿದು ತಳದ ತೂತಿನಿಂದ ಹೊರಬರುತ್ತಿತ್ತು, ನಾನು ಹೊರಬಂದ ನೀರನ್ನು ಕಂಡು ಸಾಕಾಯಿತೆಂದು ಸಮಾಧಾನಪಡುತ್ತಿದ್ದೆ. ಈ ಗಿಡಗಳ ಎಲೆ ತೆಳ್ಳಗಾಗಿ, ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಕುಂಡವನ್ನು ಇಡಿಯಾಗಿ ನೀರು ತುಂಬಿದ ದೊಡ್ಡ ಟಬ್ಬಿನಲ್ಲಿಳಿಸಿ, ಗುಳ್ಳೆಗಳು ನಿಲ್ಲುವವರೆಗೆ ಬಿಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು. ನೀರು ಬಸಿದುಹೋದ ಮೇಲೆ ಸಂದಿಗೆ ಗೊಬ್ಬರ ಬೆರೆಸಿದ ಮರಳು ತುಂಬಿದೆ. ಮರುದಿನ ಬೆಳಿಗ್ಗೆ ಎರಡೂ ಎದ್ದು ನಿಂತಿದ್ದವು.

ಎಂಟನೆಯ ಗಿಡದಲ್ಲಿ ಬಾಡಿದ್ದು ಒಂದೇ ಕುಡಿ, ಉಳಿದುದೆಲ್ಲ ಹಸನಾಗಿತ್ತು. ನೀರಿನ ತೊಂದರೆ ಒಂದೇ ಕುಡಿಯನ್ನು ಆರಿಸಿಕೊಳ್ಳುವುದಿಲ್ಲ. ಕುಡಿಯನ್ನು ಉದ್ದಕ್ಕೆ ಸೀಳಿದಾಗ ನಸುಗೆಂಪು ಹುಳು ಸಿಕ್ಕಿತು, ಬದನೆ ಬೆಳೆಯುವವರೆಲ್ಲ ಬಲ್ಲ ಕುಡಿ ಮತ್ತು ಕಾಯಿ ಕೊರಕ. ಬಾಡಿದ ಭಾಗದಿಂದ ಎರಡು ಬೆರಳು ಕೆಳಗೆ ಕತ್ತರಿಸಿ ಸುಟ್ಟೆ, ಔಷಧಿ ಹೊಡೆಯಲಿಲ್ಲ.

ಒಂಬತ್ತನೆಯದನ್ನು ಉಳಿಸಿಕೊಳ್ಳಲಾಗಲಿಲ್ಲ. ಮೊದಲು ಒಂದು ಪಕ್ಕದ ಎಲೆಗಳು ಹಳದಿಯಾಗಿ ಬಾಗಿ, ಆಮೇಲೆ ಇಡೀ ಗಿಡ ಬಾಡಿತು. ಕಡ್ಡಿ ಮಾತ್ರ ಹದವಾದ ತೇವ ತೋರಿಸುತ್ತಿತ್ತು. ತೊಗರಿ ಬೆಳೆಯುವ ನಮ್ಮ ಭಾವ ನೋಡಿದ ತಕ್ಷಣ "ನೆಟೆ ಬಡದದ" ಎಂದರು. ತೊಗರಿಯನ್ನು ಬಾಡಿಸಿ ಒಣಗಿಸುವ ನೆಟೆ ರೋಗದ ಶಿಲೀಂಧ್ರ ಬದನೆಗೆ ಬರುವಂಥದ್ದಲ್ಲ, ಆದರೆ ಅವರ ಊಹೆ ದಾರಿ ತಪ್ಪಿರಲಿಲ್ಲ. ಗಿಡ ಕಿತ್ತು, ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಟ್ಟು ಹತ್ತು ನಿಮಿಷ ಕಾದೆ. ಬ್ಯಾಕ್ಟೀರಿಯಾದ ಸೊರಗು ರೋಗವಾಗಿದ್ದರೆ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆಗಳು ಇಳಿಯಬೇಕಿತ್ತು. ನೀರು ತಿಳಿಯಾಗಿಯೇ ಉಳಿಯಿತು. ಕಾಂಡವನ್ನು ಸೀಳಿದಾಗ ಸಿಪ್ಪೆಯ ಒಳಗೆ ಉದ್ದಕ್ಕೂ ಕಂದು ಗೆರೆ ಕಂಡಿತು, ನೀರು ಸಾಗಿಸುವ ನಾಳಗಳೇ ಕಟ್ಟಿಕೊಂಡಿದ್ದವು. ಶಿಲೀಂಧ್ರದ ಸೊರಗು ರೋಗವೆಂದು ತೀರ್ಮಾನಿಸಿ, ಗಿಡವನ್ನು ಸುಟ್ಟು, ಆ ಮಣ್ಣನ್ನು ಬದನೆ, ಟೊಮ್ಯಾಟೊ, ಮೆಣಸಿನಕಾಯಿಗಳಿಗೆ ಬಳಸದೆ ಬೇರೆಡೆ ಹಾಕಿದೆ.

ಉಳಿದ ಏಳು ಗಿಡಗಳು ಮೇ ತಿಂಗಳಲ್ಲಿ, ಬಿಸಿಲು ನಲವತ್ತೆರಡು ಡಿಗ್ರಿ ದಾಟಿದ ದಿನಗಳಲ್ಲೂ ಕಾಯಿ ಬಿಟ್ಟವು, ಹೂವು ಒಂದಿಷ್ಟು ಉದುರಿದರೂ. ಮೂರು ಗಂಟೆಗೆ ಎಲೆಗಳು ಇನ್ನೂ ಜೋತುಬೀಳುತ್ತವೆ, ಮನೆಯವರು ಇನ್ನೂ ಚರಗಿ ಹಿಡಿದು ಮೆಟ್ಟಿಲು ಹತ್ತುತ್ತಾರೆ, ನಾನು ಕುಂಡಕ್ಕೆ ಚುಚ್ಚಿಟ್ಟ ಕಡ್ಡಿಯನ್ನು ಎಳೆದು ಅದರ ಒದ್ದೆ ತುದಿಯನ್ನು ತೋರಿಸುತ್ತೇನೆ.