ಎಂಎಚ್ ಪಾಸಿಂಗ್ ಆಡಿ, ಎರೆಮಣ್ಣಿನ ರಸ್ತೆ: ಹಳೆಯ ಐಷಾರಾಮಿ ಎಸ್‌ಯುವಿ ಕೊಳ್ಳುವ ಮುನ್ನ

ಶೋರೂಮಿನಿಂದ ಇಳಿದಾಗ ಅರವತ್ತು ಲಕ್ಷ ಇದ್ದ ಎಸ್‌ಯುವಿ ಏಳೆಂಟು ವರ್ಷ ಕಳೆದ ಮೇಲೆ ಹೊಸ ಕ್ರೆಟಾದ ಬೆಲೆಗೆ ಬಂದು ನಿಲ್ಲುತ್ತದೆ. ಬೆಳಗಾವಿಯ ಹಳೆ ಕಾರು ವ್ಯಾಪಾರಿಗಳ ಅಂಗಳದಲ್ಲಿ ತೊಳೆದು ಪಾಲಿಶ್ ಹೊಡೆದು ನಿಲ್ಲಿಸಿದ ಬಿಎಂಡಬ್ಲ್ಯು, ಆಡಿ, ಮರ್ಸಿಡಿಸ್ ನೋಡಿ ಮನಸ್ಸು ಜಾರುವುದು ಸಹಜ. ಆದರೆ ಇಳಿದದ್ದು ಗಾಡಿಯ ಬೆಲೆ ಮಾತ್ರ. ಅದರ ಬ್ರೇಕ್ ಡಿಸ್ಕ್, ಇಂಜೆಕ್ಟರ್, ಹೆಡ್‌ಲೈಟ್ ಈಗಲೂ ಅರವತ್ತು ಲಕ್ಷದ ಗಾಡಿಯ ದರದಲ್ಲೇ ಬರುತ್ತವೆ. ಹಾಗಾಗಿ ಕೈಯಲ್ಲಿರುವ ಹಣದ ಕಾಲು ಭಾಗವನ್ನು ಮೊದಲೇ ಬದಿಗಿಟ್ಟು, ಉಳಿದದ್ದರಲ್ಲಿ ಗಾಡಿ ಹುಡುಕಿ. ಇಪ್ಪತ್ತು ಲಕ್ಷ ಇದ್ದರೆ ನೋಡಬೇಕಾದ್ದು ಹದಿನೈದು ಲಕ್ಷದ ಗಾಡಿ.

ಮೊದಲು ನಿಮ್ಮ ರಸ್ತೆಯ ಲೆಕ್ಕ

ದಿನಾ ಎಲ್ಲಿಂದ ಎಲ್ಲಿಗೆ? ಡೀಸೆಲ್ಲೋ ಪೆಟ್ರೋಲೋ ಎಂಬುದನ್ನು ತೀರ್ಮಾನಿಸುವುದು ಈ ಪ್ರಶ್ನೆಯೇ. ಬಿಎಸ್-6 ಮಾಲಿನ್ಯ ಮಾನದಂಡದ ಡೀಸೆಲ್‌ಗಳಲ್ಲೆಲ್ಲ, ಬಿಎಸ್-4ರ ಅನೇಕ ಐಷಾರಾಮಿ ಡೀಸೆಲ್‌ಗಳಲ್ಲೂ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ತುಂಬಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಶಾಖದಲ್ಲಿ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಬೇಕಿರುವುದು ಹದಿನೈದು-ಇಪ್ಪತ್ತು ನಿಮಿಷದ ತಡೆಯಿಲ್ಲದ ಓಟ. ಟಿಳಕವಾಡಿಯಿಂದ ಕ್ಯಾಂಪಿಗೆ, ಕ್ಯಾಂಪಿನಿಂದ ಖಡೇಬಜಾರಿಗೆ ಅಂತ ಮೂರು ಮೂರು ಕಿಲೋಮೀಟರು ಓಡುವ, ನಡುವೆ ರೈಲ್ವೆ ಗೇಟಿನಲ್ಲಿ ಎಂಜಿನ್ ಆಫ್ ಮಾಡುವ ಗಾಡಿಗೆ ಆ ಅವಕಾಶ ಸಿಗುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಂತಾಗಲೆಲ್ಲ ಅದಕ್ಕೆಂದು ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತ ಹೋಗುತ್ತದೆ, ಆಯಿಲ್ ತೆಳುವಾಗುತ್ತದೆ. ಮೊದಲು ಸೊರಗುವುದು ಟರ್ಬೊ, ನಂತರ ಬೇರಿಂಗುಗಳು. ಊರೊಳಗಿನ ಓಡಾಟವೇ ಜಾಸ್ತಿ ಇದ್ದವರು ಪೆಟ್ರೋಲ್ ಗಾಡಿ ನೋಡಲಿ, ಮೈಲೇಜಿನ ಚಿಂತೆ ಬಿಡಲಿ.

ಬೆಳಗಾವಿ-ಹುಬ್ಬಳ್ಳಿ ಅಥವಾ ಬೆಳಗಾವಿ-ನಿಪ್ಪಾಣಿ ಹೆದ್ದಾರಿ 48ರಲ್ಲಿ, ಇಲ್ಲವೇ ವಿಜಯಪುರ-ಬಾಗಲಕೋಟೆ ನಡುವೆ ನಿತ್ಯ ಹೋಗಿಬರುವವರಿಗೆ ಡೀಸೆಲ್ಲೇ ಸರಿ. ಅವರ ಗಾಡಿಯಲ್ಲಿ ಡಿಪಿಎಫ್ ತನ್ನ ಕೆಲಸ ತಾನು ಮಾಡಿಕೊಂಡಿರುತ್ತದೆ. ಜಮಖಂಡಿ, ಮುಧೋಳ ಕಡೆಯವರು ಹೆಡ್‌ಲೈಟ್ ಕಡೆಗೂ ಗಮನ ಕೊಡಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವಿಲ್ಲದ ಡಬಲ್ ಟ್ರಾಲಿ ರಾತ್ರಿ ಎದುರಾದಾಗ ಒಳ್ಳೆಯ ಎಲ್‌ಇಡಿ ದೀಪದ ಬೆಲೆ ಸನ್‌ರೂಫಿಗಿಂತ ಹೆಚ್ಚು ಅನಿಸುತ್ತದೆ.

ರಿಪೇರಿ ಮಾಡುವವರು ಯಾರು?

ಯಾವ ಕಂಪನಿಯದು ಎಂದು ತೀರ್ಮಾನಿಸುವ ಮುನ್ನ ಫೋನ್ ಹಿಡಿಯಿರಿ. ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ನಿಮ್ಮೂರಿಗೆ ಎಷ್ಟು ದೂರ, ಗಾಡಿ ನಿಂತರೆ ಫ್ಲ್ಯಾಟ್‌ಬೆಡ್ (ಗಾಡಿಯನ್ನು ಪೂರ್ತಿ ಮೇಲೇರಿಸಿ ಒಯ್ಯುವ ಲಾರಿ) ಕಳಿಸುತ್ತಾರೆಯೇ, ಕಿಲೋಮೀಟರಿಗೆ ಎಷ್ಟು ಎಂದು ಕೇಳಿ. ಪುಣೆ ಬೆಳಗಾವಿಯಿಂದ ಸುಮಾರು 340 ಕಿ.ಮೀ., ಬೆಂಗಳೂರು ಸುಮಾರು 500. ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು ಎರಡು ಚಕ್ರ ನೆಲಕ್ಕೆ ಬಿಟ್ಟು ಎಳೆದೊಯ್ದರೆ ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಹಗ್ಗ ಕಟ್ಟಿ ಎಳೆಯುವ ಮಾತು ಇಲ್ಲಿ ನಡೆಯದು.

ಊರಲ್ಲೇ ಒಬ್ಬ ಪಳಗಿದ ಮೆಕ್ಯಾನಿಕ್ ಇದ್ದರೆ ಅರ್ಧ ಗೆದ್ದಂತೆ. ಅವರ ಬಳಿ ಆ ಕಂಪನಿಯ ಎಲ್ಲ ಕಂಟ್ರೋಲ್ ಘಟಕಗಳನ್ನೂ ಓದುವ ಸ್ಕ್ಯಾನರ್ ಇದೆಯೇ ನೋಡಿ. ಎರಡು ಸಾವಿರದ ಬ್ಲೂಟೂತ್ ಸ್ಕ್ಯಾನರಿಗೆ ಎಂಜಿನ್ ಬಿಟ್ಟರೆ ಉಳಿದದ್ದು ಹೆಚ್ಚಾಗಿ ಕಾಣುವುದಿಲ್ಲ. ಉದ್ಯಮಬಾಗದಲ್ಲಿ ಲೇತಿನ ಮೇಲೆ ಎಂಥ ಬುಶ್ ಬೇಕಾದರೂ ತಿರುವಿಕೊಡುವ ಕೈಗಳಿವೆ, ಆದರೆ ಗೇರ್‌ಬಾಕ್ಸನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೇಳುವುದು ಕೋಡಿಂಗ್, ಅಂದರೆ ಕಂಪ್ಯೂಟರಿನಿಂದ ಅದನ್ನು ಗಾಡಿಗೆ ಹೊಂದಿಸುವ ಕೆಲಸ. ಬಿಎಂಡಬ್ಲ್ಯುನಲ್ಲಿ ಹೊಸ ಬ್ಯಾಟರಿ ಹಾಕಿದರೂ ಅದನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು, ಇಲ್ಲದಿದ್ದರೆ ಹಳೆ ಬ್ಯಾಟರಿ ಎಂದುಕೊಂಡೇ ಅದು ಚಾರ್ಜ್ ಮಾಡುತ್ತದೆ.

ಯಾವ ಗಾಡಿ, ಯಾವ ಎಂಜಿನ್

ದಿನಬಳಕೆಗೆ ನಮ್ಮ ಓಟು ಕಾಯಿಲ್ ಸ್ಪ್ರಿಂಗಿನ ಗಾಡಿಗಳಿಗೆ: ಬಿಎಂಡಬ್ಲ್ಯು ಎಕ್ಸ್1, ಎಕ್ಸ್3, ಆಡಿ ಕ್ಯೂ3 ಈ ಸಾಲಿನವು. ಆಡಿ ಕ್ಯೂ7, ಮರ್ಸಿಡಿಸ್ ಜಿಎಲ್‌ಎಸ್, ರೇಂಜ್ ರೋವರ್ ಸ್ಪೋರ್ಟ್ ಮೊದಲಾದವುಗಳಲ್ಲಿ ಏರ್ ಸಸ್ಪೆನ್ಷನ್ ಇರುತ್ತದೆ. ಸ್ಪ್ರಿಂಗಿನ ಜಾಗದಲ್ಲಿ ರಬ್ಬರಿನ ಗಾಳಿಚೀಲ. ಬಿಸಿಲು, ಧೂಳು, ವಯಸ್ಸು ಸೇರಿ ರಬ್ಬರಿನ ಮಡಿಕೆಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಸೋರಿದ ಗಾಳಿ ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡಿ ಕೊನೆಗೆ ಸುಟ್ಟುಹೋಗುತ್ತದೆ. ಚೀಲ ಒಂದೇ ಹೋಗಿದ್ದರೆ ಮುಗಿಯುತ್ತಿದ್ದ ಖರ್ಚಿಗೆ ಕಂಪ್ರೆಸರಿನದೂ ಸೇರಿಕೊಳ್ಳುತ್ತದೆ.

ಇದನ್ನು ಹಿಡಿಯಲು ಮೂವತ್ತು ರೂಪಾಯಿಯ ಟೇಪು ಸಾಕು. ಸಂಜೆ ಗಾಡಿಯನ್ನು ಸಮತಟ್ಟಾದ ಕಡೆ ಸಾಮಾನ್ಯ ಎತ್ತರದಲ್ಲಿ ನಿಲ್ಲಿಸಿ. ಪ್ರತಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ನಾಲ್ಕೂ ಅಳತೆ ಬರೆದಿಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನವೇ ಮತ್ತೆ ಅಳೆಯಿರಿ, ಯಾಕೆಂದರೆ ಬಾಗಿಲು ತೆಗೆದರೆ ಕೆಲವು ಗಾಡಿಗಳಲ್ಲಿ ಕಂಪ್ರೆಸರ್ ಎಚ್ಚೆತ್ತು ಎತ್ತರ ಸರಿಮಾಡಿಬಿಡುತ್ತದೆ. ಒಂದು ಮೂಲೆ ಮಾತ್ರ ಹತ್ತು ಮಿಲಿಮೀಟರಿಗಿಂತ ಹೆಚ್ಚು ಕುಸಿದಿದ್ದರೆ ಆ ಮೂಲೆಯಲ್ಲಿ ಸೋರಿಕೆ ಇದೆ ಎನ್ನಿ. ರಾತ್ರಿ ಗಾಡಿ ಬಿಟ್ಟುಕೊಡಲು ಒಪ್ಪದ ಮಾರಾಟಗಾರನಿಗೆ "ನಿಮ್ಮ ಅಂಗಳದಾಗ ನಿಲ್ಲಿಸ್ರಿ, ಮುಂಜಾನೆ ನಾವs ಬರ್ತೀವಿ" ಎಂದರಾಯಿತು.

ಎಂಜಿನ್ ವಿಷಯಕ್ಕೆ ಬಂದರೆ, 2014ರ ಸುಮಾರಿಗೆ ಮುಂಚಿನ ಬಿಎಂಡಬ್ಲ್ಯು ಎಕ್ಸ್1, ಎಕ್ಸ್3ಗಳ 2 ಲೀಟರ್ ಡೀಸೆಲ್ ಎಂಜಿನ್ನಿನ ಹೆಸರು ಎನ್47. ಅದರ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆಗಿದೆ. ಚೈನ್ ಸವೆದರೆ ಬದಲಿಸಲು ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕು, ಮಜೂರಿಯೇ ಬಿಡಿಭಾಗಕ್ಕಿಂತ ಭಾರ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎಂಜಿನ್ನಿನ ಹಿಂಭಾಗದಿಂದ, ಅಂದರೆ ಡ್ಯಾಶ್‌ಬೋರ್ಡ್ ಕಡೆಯಿಂದ, ಕರಕರ ಸದ್ದು ಬಂದರೆ ಆ ಗಾಡಿ ಬಿಡಿ. ಆಡಿಯ 2 ಲೀಟರ್ ಡೀಸೆಲ್‌ನಲ್ಲಿರುವುದು ಬೆಲ್ಟು. ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಬೆಲ್ಟಿನ ಜೊತೆಗೆ ಟೆನ್ಷನರ್, ವಾಟರ್ ಪಂಪ್ ಬದಲಿಸಿದ ಬಿಲ್ಲು ಕೇಳಿ. ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆ ಇಳಿಸಿ.

ಗೇರ್‌ಬಾಕ್ಸಿನ ಬಗ್ಗೆ ಒಂದು ಸುಳ್ಳು ಚಾಲ್ತಿಯಲ್ಲಿದೆ: "ಲೈಫ್‌ಟೈಮ್ ಆಯಿಲ್ ರೀ, ಬದಲಿಸೋದs ಬ್ಯಾಡ." ಬಿಎಂಡಬ್ಲ್ಯು ಮೊದಲಾದವರು ಬಳಸುವ ಝಡ್‌ಎಫ್ 8 ಸ್ಪೀಡ್ ಗೇರ್‌ಬಾಕ್ಸ್ ತಯಾರಿಸುವ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ, ಹೆಚ್ಚೆಂದರೆ 8 ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಹಲವು ಮಾದರಿಗಳಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಆಯಿಲ್ ಪ್ಯಾನಿನೊಳಗೇ ಕೂಡಿಕೊಂಡಿದೆ, ಪ್ಯಾನ್ ಸಮೇತ ಬದಲಿಸಬೇಕು. ಆಡಿಯ ಎಸ್-ಟ್ರಾನಿಕ್ ಡಬಲ್ ಕ್ಲಚ್ ಗೇರ್‌ಬಾಕ್ಸಿಗೆ 60 ಸಾವಿರಕ್ಕೊಮ್ಮೆ.

ಕಾಗದ ಪತ್ರ

ನಮ್ಮ ಭಾಗದಲ್ಲಿ ಸಿಗುವ ಇಂಥ ಗಾಡಿಗಳಲ್ಲಿ ಬಹಳಷ್ಟು ಹೊರಗಿನ ಪಾಸಿಂಗ್: ಕೊಲ್ಹಾಪುರದ ಎಂಎಚ್-09, ಸಾಂಗ್ಲಿಯ ಎಂಎಚ್-10, ಸೊಲ್ಲಾಪುರದ ಎಂಎಚ್-13, ಪುಣೆಯ ಎಂಎಚ್-12. ದಿಲ್ಲಿ ಪಾಸಿಂಗ್ ಇನ್ನೂ ಅಗ್ಗ, ಕಾರಣ ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಬಿದ್ದ ನಿರ್ಬಂಧ. ಅಗ್ಗವೆಂದು ಹಿಗ್ಗುವ ಮುನ್ನ ತೆರಿಗೆ ಲೆಕ್ಕ ಹಾಕಿ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರು ಪಡೆಯಲೇಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ 18, ಮೇಲೆ ಸೆಸ್. ಹಳೆ ಗಾಡಿಗೆ ವಯಸ್ಸಿನ ಪ್ರಕಾರ ಕಡಿತ ಸಿಗುತ್ತದೆ. ಲೆಕ್ಕ ಶುರುವಾಗುವುದು ಮಾತ್ರ ಗಾಡಿಯ ಮೂಲ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಆರ್‌ಟಿಒ ಕಚೇರಿಯಲ್ಲಿ ಲಿಖಿತ ಅಂದಾಜು ತೆಗೆದುಕೊಂಡ ಮೇಲೆಯೇ ಮುಂಗಡ ಕೊಡಿ. ಮೊದಲಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿಕೆ ವಾಪಸ್ ಪಡೆಯುವುದಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಓಡಾಟ.

ಮಾರುವವರಿಂದ ಬೇಕಾದದ್ದು: ಎನ್‌ಒಸಿಗೆ ಫಾರ್ಮ್ 28, ವರ್ಗಾವಣೆಗೆ ಫಾರ್ಮ್ 29 ಮತ್ತು 30, ಸಾಲವಿದ್ದಿದ್ದರೆ ಬ್ಯಾಂಕಿನ ಪತ್ರದ ಜೊತೆ ಫಾರ್ಮ್ 35. ಪರಿವಾಹನ ಜಾಲತಾಣದಲ್ಲಿ ಎಷ್ಟನೇ ಮಾಲೀಕ, ಎಚ್‌ಪಿ (ಸಾಲಕ್ಕೆ ಗಾಡಿಯ ಒತ್ತೆ) ಇದೆಯೇ, ಬಾಕಿ ಚಲನ್ ಎಷ್ಟು ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ವಿಮೆ ನಿಮ್ಮ ಹೆಸರಿಗಾಗಲು 14 ದಿನದೊಳಗೆ ಅರ್ಜಿ ಹಾಕಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ.

ನೆರೆಯಲ್ಲಿ ಮುಳುಗಿದ ಗಾಡಿ

2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೊಲ್ಹಾಪುರ, ಸಾಂಗ್ಲಿ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಇತ್ತ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಿಗೂ ನೀರು ನುಗ್ಗಿತ್ತು. ಐಷಾರಾಮಿ ಗಾಡಿಗೆ ಎದೆಮಟ್ಟದ ನೀರು ಬೇಕಿಲ್ಲ, ಪಾದ ಮುಳುಗುವಷ್ಟು ಸಾಕು: ವೈರಿಂಗಿನ ಕಟ್ಟು ಕಾರ್ಪೆಟ್ಟಿನ ಕೆಳಗೆ ಓಡುತ್ತದೆ, ಮೊದಲ ತಲೆಮಾರಿನ ಕ್ಯೂ7ನಂಥ ಗಾಡಿಗಳಲ್ಲಿ ಬ್ಯಾಟರಿಯೂ ಮುಂದಿನ ಸೀಟಿನ ಕೆಳಗಿದೆ. ಒಣಗಿದ ಮೇಲೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ವರ್ಷ ಕಳೆದು ಕನೆಕ್ಟರುಗಳಲ್ಲಿ ಹಸಿರು ಕಿಲುಬು ಹಿಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದೊಂದೇ ಎಚ್ಚರಿಕೆ ಲೈಟು ಹೊತ್ತಿಕೊಳ್ಳತೊಡಗುತ್ತದೆ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಮಾರುವವರು ಸೀಟು ತೊಳೆಯುತ್ತಾರೆ, ಸುರುಳಿಯ ಒಳಗಿನ ಕೊನೆಯ ಮೊಳ ಬೆಲ್ಟನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಮಣ್ಣಿನ ಗೆರೆ ಇದ್ದರೆ ಮಾತು ಮುಗಿಯಿತು. ಆಮೇಲೆ ಬಾಗಿಲ ಹೊಸ್ತಿಲ ಪಟ್ಟಿ ಎತ್ತಿ ಕಾರ್ಪೆಟ್ಟಿನ ಕೆಳಗಿನ ಸ್ಪಂಜಿಗೆ ಬೆರಳು ಒತ್ತಿ. ಮೇಲೆ ಒಣಗಿದ್ದರೂ ಸ್ಪಂಜು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಅದು ನೆರೆಯದ್ದಲ್ಲದೆ ಸನ್‌ರೂಫಿನ ನೀರು ಹೋಗುವ ಕೊಳವೆ ಧೂಳಿನಿಂದ ಕಟ್ಟಿಕೊಂಡಿದ್ದರಿಂದಲೂ ಆಗಿರಬಹುದು. ಆದರೆ ವೈರಿಂಗಿಗೆ ಎರಡೂ ಒಂದೇ. ಸೀಟಿನ ಹಳಿಯ ಬೋಲ್ಟುಗಳ ತುಕ್ಕು, ಡಿಕ್ಕಿಯ ತಳದ ಗುಂಡಿ ನೋಡುವುದು ಎರಡು ನಿಮಿಷದ ಕೆಲಸ.

ನೋಡಲು ಹೋದ ದಿನ

ಬೆಳಿಗ್ಗೆ ಹೋಗಿ, ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬನ್ನಿ. ಸ್ಕ್ಯಾನರ್ ಹಾಕಿ ಎಲ್ಲ ಘಟಕಗಳನ್ನೂ ಓದಿಸಿ. ದೋಷ ತೋರಿಸುವ ಒಂದೂ ಕೋಡ್ ಇಲ್ಲದ ಹತ್ತು ವರ್ಷದ ಗಾಡಿ ಕಂಡರೆ ನಿನ್ನೆಯಷ್ಟೇ ಅಳಿಸಿದ್ದಾರೆ ಎಂಬ ಗುಮಾನಿ ಇರಲಿ, ಮೂವತ್ತು ಕಿ.ಮೀ. ಓಡಿಸಿ ಮತ್ತೆ ಓದಿಸಿ. ಮೀಟರಿನ ಕಿಲೋಮೀಟರ್ ತಿದ್ದುವವರು ಹೆಚ್ಚಾಗಿ ಮೀಟರನ್ನಷ್ಟೇ ತಿದ್ದುತ್ತಾರೆ. ಎಂಜಿನ್, ಗೇರ್‌ಬಾಕ್ಸ್ ಘಟಕಗಳಲ್ಲಿ ಹಳೆಯ ಅಂಕಿ ಉಳಿದಿರುವ ಸಾಧ್ಯತೆ ಇದೆ. ಕಂಪನಿಯ ಸರ್ವಿಸ್ ದಾಖಲೆಯ ಜೊತೆ ತಾಳೆ ನೋಡಿ. ಫೈಲು ದಪ್ಪವಿದ್ದಷ್ಟೂ ಗಾಡಿ ಒಳ್ಳೆಯದು. ದೊಡ್ಡ ಮೊತ್ತದ ಬಿಲ್ಲು ಕಂಡರೆ ಹೆದರಬೇಡಿ, ಆ ಖರ್ಚು ಇನ್ನು ನಿಮ್ಮದಲ್ಲ.

ಕ್ಯಾಬಿನ್ ಫಿಲ್ಟರ್ ತೆಗೆಸಿ ನೋಡಿ. ಎರೆಮಣ್ಣಿನ ಧೂಳು, ಒಣ ಎಲೆ ತುಂಬಿ ಗಟ್ಟಿಯಾಗಿದ್ದರೆ ಕಣ್ಣಿಗೆ ಕಾಣದ ಫಿಲ್ಟರುಗಳ ಗತಿಯೂ ಅದೇ. ವಿಜಯಪುರ, ಬಾಗಲಕೋಟೆಯಲ್ಲಿ ಓಡಿದ ಗಾಡಿಯ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಅಲ್ಲಿ ಮೆತ್ತಿದ ಧೂಳು ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಮೊದಲು ಎಸಿಯನ್ನು, ಆಮೇಲೆ ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಕವಚವನ್ನು ಬಲಿ ತೆಗೆದುಕೊಳ್ಳುತ್ತದೆ.

ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಎರಡು ಹೊಸ, ಎರಡು ಸವೆದ ಟೈರ್ ಕಂಡರೆ ಎಚ್ಚರ. ಸುತ್ತಳತೆ ಬೇರೆಯಾಗಿ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಸದಾ ಜಾರುತ್ತ ಸವೆಯುತ್ತದೆ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ, ಕುಂಟಿದಂತೆ ಜಗ್ಗಿದರೆ ಆ ಸವೆತ ಶುರುವಾಗಿದೆ.

ಕೊಂಡ ಮೇಲೆ

ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಎಲ್ಲ ಫಿಲ್ಟರುಗಳು, ಬ್ರೇಕ್ ಆಯಿಲ್, ಕೂಲೆಂಟ್ ಬದಲಿಸಿ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು: ಬಿಎಂಡಬ್ಲ್ಯುಗೆ ಎಲ್‌ಎಲ್-04, ಆಡಿಗೆ 507.00, ಮರ್ಸಿಡಿಸ್‌ಗೆ 229.51 ಅಥವಾ 229.52 ಎಂದು ಡಬ್ಬಿಯ ಮೇಲೆ ಬರೆದಿರಬೇಕು. ಗಾಡಿಯ ಕಂಪ್ಯೂಟರ್ ಇನ್ನೂ ಹದಿನೈದು ಸಾವಿರ ಓಡಬಹುದು ಎಂದರೂ ನಮ್ಮ ಧೂಳಿಗೆ ಹತ್ತು ಸಾವಿರಕ್ಕೇ ಬದಲಿಸುವುದು ಲೇಸು. ಡೀಸೆಲ್ ಹೆಚ್ಚು ವಹಿವಾಟಿರುವ ಹೆದ್ದಾರಿ ಬಂಕಿನಲ್ಲಿ ಹಾಕಿಸಿ, ಡೀಸೆಲ್ ಸಿಂಪಡಿಸುವ ಪಿಯೆಜೊ ಇಂಜೆಕ್ಟರ್ ಕೆಟ್ಟರೆ ರಿಪೇರಿಯ ದಾರಿ ಬಹುತೇಕ ಇಲ್ಲ, ಬದಲಿಸುವುದೇ.

ಕೊನೆಗೆ ಸ್ಟೆಪ್ನಿ. ರನ್‌ಫ್ಲ್ಯಾಟ್ ಟೈರಿನ ಅನೇಕ ಗಾಡಿಗಳಲ್ಲಿ ಅದು ಇರುವುದೇ ಇಲ್ಲ. ಗಾಳಿ ಹೋದ ಮೇಲೆ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ಹೋಗಬಹುದು ಎಂಬುದು ನಿಜ, ಆದರೆ ಗುಂಡಿಗೆ ಬಿದ್ದು ಮಗ್ಗುಲು ಹರಿದರೆ ಆ ಲೆಕ್ಕ ನಡೆಯದು. ಒಂದಕ್ಕೆ ಇಪ್ಪತ್ತು ಸಾವಿರ ದಾಟುವ ಆ ಟೈರು ತಾಲ್ಲೂಕಿನ ಅಂಗಡಿಯಲ್ಲಿ ಸಿಗುವುದು ಅಪರೂಪ, ಗಟ್ಟಿ ಮಗ್ಗುಲಿನ ಟೈರ್ ಬಿಚ್ಚುವ ಯಂತ್ರವೂ ಎಲ್ಲರ ಬಳಿ ಇಲ್ಲ. ಚೋರ್ಲಾ ಘಾಟಿನಲ್ಲಿ ಗೋವಾ ಕಡೆ ಹೋಗಿಬರುವವರು ಅದೇ ಬೋಲ್ಟ್ ಅಳತೆಯ ತೆಳು ಸ್ಟೆಪ್ನಿ, ಜಾಕ್, ಬೀಗವಿರುವ ಬೋಲ್ಟಿನ ಕೀಲಿ ಮೂರನ್ನೂ ಡಿಕ್ಕಿಯಲ್ಲಿಟ್ಟುಕೊಳ್ಳಲಿ. ಆ ಕೀಲಿ ಹಳೆ ಮಾಲೀಕರ ಮನೆಯಲ್ಲೇ ಉಳಿದಿರುತ್ತದೆ, ಹಣ ಎಣಿಸುವ ಮೊದಲೇ ಕೇಳಿ ಇಸಿದುಕೊಳ್ಳಿ.