ಮಗನ ಚಾರ್ಟಿನಲ್ಲಿ ಅಮ್ಮನ ಮಾತ್ರೆ

ಆಟಿಸಂ ಇರುವ ಮಗುವನ್ನು ಬೆಳೆಸುತ್ತ, ಐವತ್ತು ದಾಟಿದ ನೀವೂ ಗಟ್ಟಿಯಾಗಿರುವುದು ಹೇಗೆ?

ರಾತ್ರಿ ಎಂಟಕ್ಕೆ ಸರಿಯಾಗಿ ನನ್ನ ಮಗ ಮಾತ್ರೆ ಡಬ್ಬಿ ತಂದು ನನ್ನ ಮೂಗಿನ ಮುಂದೆ ಹಿಡಿಯುತ್ತಾನೆ. ನಾನು ಫೋನಿನಲ್ಲಿದ್ದರೂ ಅಷ್ಟೇ, ಒಗ್ಗರಣೆ ಹಾಕುತ್ತಿದ್ದರೂ ಅಷ್ಟೇ. ನುಂಗಿದ್ದನ್ನು ನೋಡಬೇಕು. ಆಮೇಲೆ ಫ್ರಿಜ್ ಮೇಲಿನ ದಿನಚರಿಯ ಚಾರ್ಟಿನಿಂದ ಮಾತ್ರೆಯ ಚಿತ್ರ ಕಿತ್ತು ‘ಮುಗೀತು’ ಅಂತ ಬರೆದ ಚೀಲಕ್ಕೆ ಹಾಕಬೇಕು. ಅಲ್ಲಿಗೆ ಅವನಿಗೆ ಸಮಾಧಾನ. ಬಿಪಿ ಮಾತ್ರೆ ಮರೆಯುವ ಭಾಗ್ಯ ನನಗಿಲ್ಲ.

ಅವನಿಗೆ 14 ವರ್ಷ. ಆಟಿಸಂ ಇದೆ, ಮಾತು ಕಡಿಮೆ. ನನಗೆ 53. ನಮ್ಮೆಜಮಾನರು ಬರುವ ವರ್ಷ ರಿಟೈರ್ ಆಗುತ್ತಾರೆ. ಮಗನಿಗೆ 30 ತುಂಬುವ ಹೊತ್ತಿಗೆ ನನಗೆ 69, ಅವರಿಗೆ 75. ನಡುರಾತ್ರಿ ಎಚ್ಚರವಾದಾಗ ನಾನು ಮಾಡುವ ಲೆಕ್ಕ ಇದು. ನಮ್ಮಂಥ ಮನೆಗಳಲ್ಲಿ ಎಲ್ಲರೂ ಮಾಡುತ್ತಾರೆ.

‘ನಿಮ್ಮ ಆರೋಗ್ಯಾನೂ ನೋಡ್ಕೊಳ್ಳಿ’ ಅಂತ ಎಲ್ಲರೂ ಹೇಳುತ್ತಾರೆ. ಯಾವಾಗ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಬೇರೆಯಾಗಿ ಸಮಯ ಹುಡುಕಿದರೆ ಸಿಗುವುದಿಲ್ಲ. ನಾನು ಹತ್ತು ವರ್ಷ ಹುಡುಕಿದ್ದೇನೆ. ಕೊನೆಗೆ ಹೊಳೆದದ್ದು ಇಷ್ಟು: ಈ ಮಕ್ಕಳು ದಿನಚರಿ ತಪ್ಪಲು ಬಿಡುವುದಿಲ್ಲ, ನಮಗೋ ಯಾವ ದಿನಚರಿಯನ್ನೂ ಪಾಲಿಸಲು ಆಗುವುದಿಲ್ಲ. ಹಾಗಾದರೆ ನಮ್ಮ ಕೆಲಸವನ್ನೂ ಅವರ ದಿನಚರಿಯೊಳಗೆ ತೂರಿಸಿಬಿಟ್ಟರೆ?

1. ಮೊದಲು ನಿಮ್ಮದೊಂದು ಫೈಲು ಮಾಡಿ

ನನ್ನ ಮಗನ ಫೈಲು ನಾಲ್ಕು ಬೆರಳು ದಪ್ಪ ಇದೆ. ನನ್ನದು ಅಂತ ಇದ್ದದ್ದು ಹೆರಿಗೆಯಾದಾಗ ಕೊಟ್ಟ ಡಿಸ್ಚಾರ್ಜ್ ಚೀಟಿ ಒಂದೇ. ನನಗೆ ಬಿಪಿ 160/100 ಇದೆ ಅಂತ ಗೊತ್ತಾಗಿದ್ದು ಮಗನ ಹಲ್ಲು ತೋರಿಸಲು ಹೋದಾಗ. ಕಾಯುತ್ತಾ ಕೂತಿದ್ದೆ, ಅಲ್ಲಿನ ನರ್ಸ್ ಸುಮ್ನೆ ಪಟ್ಟಿ ಕಟ್ಟಿ ನೋಡಿದರು. ಅಲ್ಲಿವರೆಗೆ ತಲೆನೋವನ್ನೆಲ್ಲ ಮಗನ ಕಿರುಚಾಟದ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಮಗುವಿನ ಹುಟ್ಟುಹಬ್ಬದ ತಿಂಗಳನ್ನೇ ನಿಮ್ಮ ತಪಾಸಣೆಯ ತಿಂಗಳು ಅಂತ ಇಟ್ಟುಕೊಳ್ಳಿ, ಮರೆಯುವುದಿಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಕಣ್ಣು, ಹಲ್ಲು ನೋಡಿಸಿ. ಶುಗರ್ ನೋಡಿಸುವಾಗ ಎಚ್‌ಬಿಎ1ಸಿ ಕೂಡ ಮಾಡಿಸಿ, ಅದು ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. ಥೈರಾಯ್ಡ್ ನೋಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಹೆಂಗಸರಾದರೆ ಸ್ತನ ಮತ್ತು ಗರ್ಭಕಂಠದ ತಪಾಸಣೆಯನ್ನು ‘ಆಮೇಲೆ’ ಅಂತ ಮುಂದೂಡಬೇಡಿ. ಬಿಪಿ ಮತ್ತೆ ಮತ್ತೆ 140/90ಕ್ಕಿಂತ ಮೇಲೆ ಬರುತ್ತಿದ್ದರೆ ಮನೆಮದ್ದು ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಪಟ್ಟಣದಲ್ಲಿರುವವರಿಗೆ ‘ನಮ್ಮ ಕ್ಲಿನಿಕ್’ಗಳಲ್ಲಿ, ಹಳ್ಳಿಯಲ್ಲಿರುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ತಡವಾಗಿ ಮಗು ಮಾಡ್ಕೊಂಡ್ರಲ್ಲ, ಅದಕ್ಕೇ ಹೀಗೆ’ ಅನ್ನುವವರು ಪ್ರತಿ ಮದುವೆಮನೆಯಲ್ಲೂ ಒಬ್ಬರು ಸಿಗುತ್ತಾರೆ. ಅಪ್ಪ-ಅಮ್ಮನ ವಯಸ್ಸು ಹೆಚ್ಚಿದ್ದರೆ ಆಟಿಸಂ ಸಾಧ್ಯತೆ ಸ್ವಲ್ಪ ಹೆಚ್ಚು ಅನ್ನುವುದು ನಿಜ. ಆದರೆ ತಡವಾಗಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಆಟಿಸಂ ಇರುವುದಿಲ್ಲ. ಇಪ್ಪತ್ಮೂರಕ್ಕೇ ಹೆತ್ತವರೂ ನಮ್ಮ ಜೊತೆ ಥೆರಪಿ ಸಾಲಿನಲ್ಲಿ ಕೂತಿರುತ್ತಾರೆ. ಈ ಕೊರಗನ್ನು ಹೊತ್ತುಕೊಂಡು ತಿರುಗಿದರೆ ಏರುವುದು ಬಿಪಿ ಒಂದೇ.

2. ಮಗುವಿನ ಚಾರ್ಟಿಗೆ ನಿಮ್ಮ ಹೆಸರು ಸೇರಿಸಿ

ಚಿತ್ರದ ಚಾರ್ಟು ನಿಮ್ಮ ಮನೆಯಲ್ಲಿ ಆಗಲೇ ಇರಬಹುದು. ಇಲ್ಲದಿದ್ದರೆ ಹೀಗೆ ಮಾಡಿ. ಅಂತರ್ಜಾಲದ ಚಿತ್ರ ಬೇಡ, ನಿಮ್ಮ ಮನೆಯ ವಸ್ತುಗಳದ್ದೇ ಫೋಟೊ ತೆಗೆಯಿರಿ: ಅವನದೇ ಬ್ರಷ್, ಅವನದೇ ತಟ್ಟೆ, ಅವನದೇ ಚಪ್ಪಲಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿ, ಕತ್ತರಿಸಿ. ಹಿಂದೆ ವೆಲ್ಕ್ರೊ ಅಂಟಿಸಿ. ಒಂದು ರಟ್ಟಿನ ಮೇಲೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಹಚ್ಚಿ. ಕೆಳಗೊಂದು ಚೀಲ, ಮುಗಿದ ಚಿತ್ರ ಅದರೊಳಗೆ. ಮೊದಲ ವಾರ ಎರಡೇ ಚಿತ್ರ ಸಾಕು: ‘ಮೊದಲು ಸ್ನಾನ, ಆಮೇಲೆ ಉಯ್ಯಾಲೆ.’ ಒಂದೇ ದಿನ ಹನ್ನೆರಡು ಚಿತ್ರ ಅಂಟಿಸಿದವರ ಚಾರ್ಟು ನಾಲ್ಕನೇ ದಿನ ಗೋಡೆಯ ಅಲಂಕಾರ ಆಗಿರುತ್ತದೆ. ನಮ್ಮದೂ ಮೊದಲ ಸಲ ಹಾಗೇ ಆಯಿತು.

ಮಗು ಚಾರ್ಟಿಗೆ ಒಗ್ಗಿದ ಮೇಲೆ ನಿಮ್ಮದೊಂದು ಚಿತ್ರ ಸೇರಿಸಿ. ಒಂದೇ ಒಂದು. ನಾನು ಮಾತ್ರೆ ಡಬ್ಬಿಯಿಂದ ಶುರು ಮಾಡಿದೆ. ಎರಡು ವಾರ ಬಿಟ್ಟು ವಾಕಿಂಗ್ ಶೂ. ಆಮೇಲೆ ಕುರ್ಚಿ. ಕುರ್ಚಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ ಇದೆ. ಒಗ್ಗಿದ ಮೇಲೆ ಇವರು ರಜೆ ಕೊಡುವುದಿಲ್ಲ. ಜೋರು ಮಳೆ ಬಂದ ದಿನ ನನ್ನ ಮಗ ಶೂ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ರಂಪ ಮಾಡಿದ. ಅದಕ್ಕೇ ‘ಬದಲು’ ಅನ್ನುವ ಒಂದು ಕಾರ್ಡು ಮೊದಲೇ ಮಾಡಿಟ್ಟುಕೊಳ್ಳಿ. ನಮ್ಮಲ್ಲಿ ಅದು ಹಳದಿ ಬಣ್ಣದ್ದು. ಅದನ್ನು ಶೂ ಚಿತ್ರದ ಮೇಲೆ ಅಂಟಿಸಿದರೆ ಇವತ್ತು ಮಹಡಿ ಮೆಟ್ಟಿಲು ಹತ್ತಿ ಇಳಿಯುವುದು ಅಂತ ಅರ್ಥ. ಈ ಕಾರ್ಡನ್ನು ಚೆನ್ನಾಗಿರುವ ದಿನಗಳಲ್ಲೇ, ಸಣ್ಣ ಸಣ್ಣ ವಿಷಯಕ್ಕೆ ಬಳಸಿ ರೂಢಿ ಮಾಡಿಸಿ. ಕಷ್ಟದ ದಿನ ಹೊಸದಾಗಿ ತೋರಿಸಿದರೆ ಕಾರ್ಡು ಕಿಟಕಿಯಿಂದಾಚೆ ಹೋಗುತ್ತದೆ.

3. ನಡೆಯಿರಿ, ಕುರ್ಚಿಯಿಂದ ಏಳಿ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ, ಜೊತೆಗೆ ವಾರದಲ್ಲಿ ಎರಡು ದಿನ ಮಾಂಸಖಂಡಕ್ಕೆ ಬಲ ಕೊಡುವ ಕಸರತ್ತು. ಅಂದರೆ ಐದು ದಿನ ಅರ್ಧರ್ಧ ಗಂಟೆ ನಡೆದರೆ ಆಯಿತು.

ಈ ಅರ್ಧ ಗಂಟೆ ಎಲ್ಲಿದೆ? ಥೆರಪಿ ಬಾಗಿಲ ಹೊರಗಿದೆ. ನಾವು ಮೈಸೂರಿನವರು. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ, ನಮ್ಮ ಕಡೆಯವರು ‘ಆಯಿಷ್’ ಅನ್ನುವಲ್ಲಿಗೆ, ವರ್ಷಗಟ್ಟಲೆ ಓಡಾಡಿದ್ದೇವೆ. ಮಗ ಒಳಗೆ ಹೋದರೆ ನಾವು ಅಮ್ಮಂದಿರೆಲ್ಲ ಬೆಂಚಿನ ಮೇಲೆ ಕೂತು ಯಾವ ಮಗು ಎಷ್ಟು ಪದ ಕಲಿತಿತು ಅಂತ ಹೋಲಿಸಿ ನೋಡಿ ಮನಸ್ಸು ಕೆಡಿಸಿಕೊಳ್ಳುತ್ತಿದ್ದೆವು. ಒಂದು ದಿನ ಒಬ್ಬರು ಎದ್ದು ನಡೆಯಲು ಶುರು ಮಾಡಿದರು. ಆಮೇಲೆ ನಾಲ್ಕು ಜನ ಆದೆವು. ಆ ಮರಗಳ ನೆರಳಿನಲ್ಲಿ ಒಂದೊಂದು ಸೆಷನ್ನಿಗೆ ಎಷ್ಟು ಸುತ್ತು! ಪೋಷಕರನ್ನೂ ಒಳಗೆ ಕೂರಿಸಿಕೊಂಡು ಕಲಿಸುವ ಥೆರಪಿಯಾದರೆ ಮಾತ್ರ ಹೊರಗೆ ಹೋಗಬೇಡಿ. ಅದು ಕಲಿಯಬೇಕಾದದ್ದೇ.

ಭಾನುವಾರ ಮಗನನ್ನೂ ಕರೆದುಕೊಂಡು ಕುಕ್ಕರಹಳ್ಳಿ ಕೆರೆಗೆ. ಜನ ಬರುವ ಮೊದಲೇ ಹೋಗಿ. ದಾರಿ, ತಿರುವು, ಕೂರುವ ಕಲ್ಲು ಎಲ್ಲ ಪ್ರತಿ ಸಲ ಒಂದೇ ಇರಲಿ. ಓಡಿಬಿಡುವ ಮಗುವಾದರೆ ಗೇಟು ಇರುವ ಪಾರ್ಕೇ ಸರಿ. ನೀರಿನ ಹತ್ತಿರ ಬೇಡ. ನಮ್ಮವನಿಗೆ ಆ ಅಭ್ಯಾಸ ಬಿಟ್ಟ ಮೇಲೇ ನಾವು ಕೆರೆಗೆ ಹೋಗಿದ್ದು.

ಇನ್ನು ಕುರ್ಚಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಕೈ ಊರದೆ ಏಳಿ, ನಿಧಾನಕ್ಕೆ ಕೂರಿ. ಹತ್ತು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತು. ತೊಡೆಗೆ ಬಲ ಬರುತ್ತದೆ, ನೆಲದಿಂದ ಏಳುವಾಗ ‘ಅಯ್ಯಮ್ಮಾ’ ಅನ್ನುವುದು ತಪ್ಪುತ್ತದೆ. ಆಮೇಲೆ ಗೋಡೆಗೆ ಎರಡೂ ಕೈ ಕೊಟ್ಟು ಬಾಗಿ ತಳ್ಳುವುದು, ಅದೂ ಹತ್ತು. ನನ್ನ ಮಗನಿಗೆ ಎಣಿಕೆ ಅಂದರೆ ಪ್ರಾಣ. ನಾನು ಒಂಬತ್ತಕ್ಕೆ ನಿಲ್ಲಿಸಿದರೆ ಕೈ ಹಿಡಿದು ಎಬ್ಬಿಸುತ್ತಾನೆ. ದುಡ್ಡು ಕೊಟ್ಟರೂ ಇಂಥ ಟ್ರೈನರ್ ಸಿಗುವುದಿಲ್ಲ. ಮಂಡಿನೋವು, ಎದೆನೋವು, ತಲೆಸುತ್ತು ಇರುವವರು ಮೊದಲು ಡಾಕ್ಟರನ್ನು ಕೇಳಿ.

4. ಬೆನ್ನು, ಭುಜ ಉಳಿಸಿಕೊಳ್ಳಿ

ಮಗು 15 ಕೆಜಿ ಇದ್ದಾಗ ರಂಪ ಮಾಡಿದರೆ ಸೊಂಟದ ಮೇಲೆ ಹಾಕಿಕೊಂಡು ಬಂದುಬಿಡುತ್ತಿದ್ದೆ. ಈಗ 52 ಕೆಜಿ. ಎರಡು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ನೆಲಕ್ಕೆ ಬಿದ್ದವನನ್ನು ಕೈಹಿಡಿದು ಎಳೆದೆ. ಭುಜ ಹಿಡಿದುಕೊಂಡಿತು. ಆರು ತಿಂಗಳು ನನ್ನ ಜಡೆ ನಾನೇ ಹೆಣೆದುಕೊಳ್ಳಲು ಆಗಲಿಲ್ಲ.

ನೆಲಕ್ಕೆ ಬಿದ್ದ ಮಗುವನ್ನು ಎತ್ತಬೇಡಿ, ಎಳೆಯಬೇಡಿ. ನೀವೇ ನೆಲಕ್ಕೆ ಕೂತುಬಿಡಿ, ಒದೆ ತಾಗದಷ್ಟು ದೂರದಲ್ಲಿ, ಪಕ್ಕಕ್ಕೆ. ಸುತ್ತ ಗಾಜು, ಕಲ್ಲು ಇದ್ದರೆ ಸರಿಸಿ. ತಲೆ ಚಚ್ಚಿಕೊಳ್ಳುವ ಮಗುವಾದರೆ ತಲೆಯ ಕೆಳಗೆ ಬ್ಯಾಗೋ ವೇಲೋ ತಳ್ಳಿ. ಮಾತು ಕಡಿಮೆ ಮಾಡಿ. ‘ಯಾಕೆ, ಏನಾಯ್ತು, ಎಲ್ಲಾರೂ ನೋಡ್ತಿದಾರೆ’ ಇದೆಲ್ಲ ಆ ಹೊತ್ತಿಗೆ ಅವರಿಗೆ ಇನ್ನಷ್ಟು ಸದ್ದು, ಅಷ್ಟೇ. ನೋಡುವವರು ನೋಡಲಿ. ಅಲೆ ಇಳಿಯುತ್ತದೆ, ಆಮೇಲೆ ಅವರೇ ಏಳುತ್ತಾರೆ.

ಅಲೆ ಏಳುವ ಮೊದಲಿನ ಗುರುತು ಹಿಡಿದರೆ ಇನ್ನೂ ಒಳ್ಳೆಯದು. ನನ್ನ ಮಗ ಮೊದಲು ಎಡಗಿವಿ ಮುಚ್ಚುತ್ತಾನೆ, ಆಮೇಲೆ ಗುನುಗು ಜೋರಾಗುತ್ತದೆ. ಕಿವಿಗೆ ಕೈ ಹೋಯಿತೋ, ನಾವು ಬಿಲ್ಲು ಕೊಡದೇ ಹೋಟೆಲಿನಿಂದ ಹೊರಗೆ ಬಂದದ್ದೂ ಇದೆ. ಒಬ್ಬರು ಮಗನ ಜೊತೆ, ಒಬ್ಬರು ವಾಪಸ್ ಹೋಗಿ ಬಿಲ್ಲು ಕೊಡುವುದು.

ದಿನದ ಕೆಲಸದಲ್ಲೂ ಬೆನ್ನು ಸವೆಯುತ್ತದೆ. ಸ್ನಾನ ಮಾಡಿಸುವಾಗ ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ, ನೀವೂ ಒಂದು ಸ್ಟೂಲು ಹಾಕಿಕೊಳ್ಳಿ. ಅದಕ್ಕಿಂತ ಮುಖ್ಯ, ಮಾಡಿಸುವುದನ್ನು ಬಿಟ್ಟು ಕಲಿಸಿ. ಕೊನೆಯ ಹಂತದಿಂದ ಹಿಂದಕ್ಕೆ ಕಲಿಸುವ ಒಂದು ದಾರಿ ಇದೆ. ಚಡ್ಡಿಯನ್ನು ಸೊಂಟದ ಹತ್ತಿರದವರೆಗೆ ನೀವೇ ಏರಿಸಿ, ಕೊನೆಯ ಎಳೆತ ಮಾತ್ರ ಅವನಿಗೆ ಬಿಡಿ. ‘ಹಾಕ್ಕೊಂಡೆ’ ಅನ್ನುವ ಖುಷಿ ಅವನದಾಗುತ್ತದೆ. ಅದು ಬಂದ ಮೇಲೆ ತೊಡೆಯವರೆಗೆ, ಆಮೇಲೆ ಮಂಡಿಯವರೆಗೆ. ನಮಗೆ ಚಡ್ಡಿಗೆ ಏಳು ತಿಂಗಳು ಹಿಡಿಯಿತು. ಆದರೆ ಆ ಏಳು ತಿಂಗಳಿಂದ ನನ್ನ ಸೊಂಟಕ್ಕೆ ಎಷ್ಟು ವರ್ಷ ಸಿಕ್ಕಿತು ನೋಡಿ.

5. ಅವರ ತಟ್ಟೆಯದು ನಿಮ್ಮ ಹೊಟ್ಟೆಗಲ್ಲ

ನನ್ನ ಮಗ ದೋಸೆಯ ಗರಿಗರಿ ಅಂಚು ಮಾತ್ರ ತಿನ್ನುತ್ತಾನೆ. ನಡುವಿನದೆಲ್ಲ ಯಾರ ಹೊಟ್ಟೆಗೆ? ದಿನಕ್ಕೆ ಮೂರು ದೋಸೆಯ ನಡುಭಾಗ, ನಿಂತುಕೊಂಡೇ, ಸಿಂಕಿನ ಹತ್ತಿರ. ಚೆಲ್ಲಲು ಮನಸ್ಸು ಬರುವುದಿಲ್ಲ, ಅಲ್ವಾ? ಈಗ ಚಿಕ್ಕ ಚಿಕ್ಕ ದೋಸೆ ಹೊಯ್ಯುತ್ತೇನೆ, ಎಲ್ಲ ಅಂಚೇ. ನನ್ನ ತಿಂಡಿ ತಟ್ಟೆಗೆ ಹಾಕಿಕೊಂಡು ಕೂತು ತಿನ್ನುತ್ತೇನೆ.

ಗೋಧಿ ಬಿಡಿಸಿ, ಹಾಲು ಬಿಡಿಸಿ, ಆಟಿಸಂ ಕಡಿಮೆಯಾಗುತ್ತದೆ ಅಂತ ಹೇಳುವವರಿದ್ದಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಮೊದಲೇ ನಾಲ್ಕು ಪದಾರ್ಥ ತಿನ್ನುವ ಮಗುವಿಗೆ ಎರಡು ಬಿಡಿಸಿದರೆ ಉಳಿಯುವುದೇನು? ಮನೆಯವರಿಗೆ ಎರಡೆರಡು ಅಡುಗೆ ಬೇರೆ.

6. ನಿದ್ದೆಗೆ ಪಾಳಿ ಹಾಕಿ

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನಿದ್ದೆ ಕಷ್ಟ. ಇಬ್ಬರೂ ಏಳುವುದು ಮೂರ್ಖತನ, ಅದನ್ನು ನಾವು ಎಂಟು ವರ್ಷ ಮಾಡಿದೆವು. ಈಗ ರಾತ್ರಿ ಎರಡರವರೆಗೆ ನನ್ನದು, ಆಮೇಲೆ ನಮ್ಮೆಜಮಾನರದು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಒಬ್ಬರೇ ಇರುವ ತಾಯಂದಿರು ಮಗು ಶಾಲೆಗೆ ಹೋದಾಗ ಪಾತ್ರೆ ಬಿಟ್ಟು ಮೊದಲು ಮಲಗಲಿ. ಮಗುವಿಗೆ ನಿದ್ದೆಗೆ ಅಂತ ಕೊಡುವ ಮೆಲಟೋನಿನ್ ಮಾತ್ರೆಯನ್ನು ಡಾಕ್ಟರ್ ಹೇಳದೆ ಕೊಡಬೇಡಿ. ನಿದ್ದೆ ಬಂದರೂ ಬೆಳಗ್ಗೆ ಏಳಲು ಮನಸ್ಸಿಲ್ಲ, ಯಾವುದರಲ್ಲೂ ರುಚಿ ಇಲ್ಲ ಅನ್ನುವ ಸ್ಥಿತಿ ವಾರಗಟ್ಟಲೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

7. ಕಾಗದಪತ್ರ

ಇದೂ ಆರೋಗ್ಯದ ವಿಷಯವೇ. ನಡುರಾತ್ರಿಯ ಲೆಕ್ಕ ಅಂದೆನಲ್ಲ, ಅದರ ಅರ್ಧ ಭಾರ ಇಳಿಯುವುದು ಇಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಹಾಗಾಗಿ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡು ಮಾಡಿಸಿ. ಅದಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ ಸುಲಭ: ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಗೂ ಒಂದು ಪಾಲು, ಮೊದಲೇ ವೈದ್ಯಕೀಯ ಪರೀಕ್ಷೆಯ ತಕರಾರು ಇಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಮುಂದಿನದು. ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ನೀವು ಅವನ ಪೋಷಕರಾಗಿ ಉಳಿಯುವುದಿಲ್ಲ. ಬ್ಯಾಂಕಿನಲ್ಲಿ ಅವನ ಸಹಿ ಕೇಳುತ್ತಾರೆ. ತನ್ನ ವ್ಯವಹಾರ ತಾನೇ ನೋಡಿಕೊಳ್ಳಬಲ್ಲ ಮಗುವಾದರೆ ಬೇರೆ ಮಾತು. ಇಲ್ಲದಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ, ಜಿಲ್ಲಾಧಿಕಾರಿಯವರು ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನಿನ ಪೋಷಕರಾಗಬೇಕು. ಸರ್ಕಾರಿ ನೌಕರರು ಮಗುವಿನ ಹೆಸರನ್ನು ಕುಟುಂಬ ಪಿಂಚಣಿಗೆ ರಿಟೈರ್ ಆಗುವ ಮೊದಲೇ ಬರೆಸಲಿ. ವಿಲ್ ಬರೆಯುವಾಗ ಆಸ್ತಿಯನ್ನು ನೇರವಾಗಿ ಮಗುವಿನ ಹೆಸರಿಗೆ ಬರೆಯಬೇಕಾ, ಒಂದು ಖಾಸಗಿ ಟ್ರಸ್ಟ್ ಮಾಡಬೇಕಾ ಅಂತ ವಕೀಲರನ್ನು ಕೇಳಿ.

8. ನೀವಿಲ್ಲದ ರಾತ್ರಿಯನ್ನು ರೂಢಿ ಮಾಡಿಸಿ

ಆಸ್ಪತ್ರೆಗೆ ಸೇರುವ ದಿನ ಮುಂಚೆ ಹೇಳಿ ಬರುವುದಿಲ್ಲ. ಹಾಗಾಗಿ ನೀವು ಚೆನ್ನಾಗಿರುವಾಗಲೇ ಮಗುವನ್ನು ಬಿಟ್ಟು ಹೋಗಿ ನೋಡಿ. ಮೊದಲು ಒಂದು ಗಂಟೆ, ಮಗುವಿಗೆ ಬೇಕಾದ ಒಬ್ಬರ ಹತ್ತಿರ, ನಿಮ್ಮ ಮನೆಯಲ್ಲೇ. ಆಮೇಲೆ ಅರ್ಧ ದಿನ. ಆಮೇಲೆ ರಾತ್ರಿ. ಏನು ತಿನ್ನುತ್ತಾನೆ, ಯಾವ ಸದ್ದು ಆಗದು, ಯಾವ ಔಷಧಿ, ರಂಪಕ್ಕೆ ಮೊದಲಿನ ಗುರುತು ಏನು, ಎಲ್ಲ ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಎರಡು ಹಾಳೆಯಾದರೆ ಯಾರೂ ಓದುವುದಿಲ್ಲ.

ನಾವು ಮೊದಲ ಸಲ ಒಂದು ರಾತ್ರಿ ಬಿಟ್ಟು ಹೋದಾಗ ನನ್ನ ತಂಗಿ ಬಂದಿದ್ದಳು. ಚಿಕ್ಕಮ್ಮ ಅಂದರೆ ಅವನಿಗೆ ಇಷ್ಟವೇ. ಊಟ ಮಾಡಿದ, ಉಯ್ಯಾಲೆ ಆಡಿದ. ಎಂಟು ಗಂಟೆಗೆ ಮಾತ್ರೆ ಡಬ್ಬಿ ಹಿಡಿದು ಮನೆಯೆಲ್ಲ ಹುಡುಕಿದನಂತೆ. ಕೊನೆಗೆ ತಂಗಿ ವಿಡಿಯೊ ಕಾಲ್ ಮಾಡಿದಳು. ನಾನು ಲಾಡ್ಜಿನ ಕೋಣೆಯಲ್ಲಿ ಕೂತು, ಅವನು ನೋಡುವ ಹಾಗೆ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದೆ. ಅವನು ಚಾರ್ಟಿನ ಹತ್ತಿರ ಹೋಗಿ ಚಿತ್ರ ಕಿತ್ತು ಚೀಲಕ್ಕೆ ಹಾಕಿ, ಮಲಗಲು ಹೋದ. ಫೋನ್ ಇಡುವುದಕ್ಕೂ ಕಾಯಲಿಲ್ಲ.